ಗಿರಣಿಯವನು ಫೋನು ಕೊಳ್ಳಲು ಹೋದದ್ದು

ಹಿಟ್ಟಿನ ಗಿರಣಿಯವನು ಹೊಸ ಫೋನು ಕೊಳ್ಳುತ್ತಾನೆಂಬ ಸುದ್ದಿ ಹಬ್ಬಿದ್ದೇ ತಡ, ಬೀದಿಯವರೆಲ್ಲ ಪಂಡಿತರಾದರು. ಕ್ಷೌರದಂಗಡಿಯವನು ಕ್ಯಾಮೆರಾ ಮುಖ್ಯ ಎಂದ. ಜೀವಮಾನದಲ್ಲಿ ಯಾರ ಫೋಟೋ ತೆಗೆಯಬೇಕೋ, ಅದನ್ನು ಹೇಳಲಿಲ್ಲ. ಸೈಕಲ್ ರಿಪೇರಿಯವನು ಬ್ಯಾಟರಿ ಗಟ್ಟಿಯಿದ್ದರೆ ಸಾಕು, ಮಿಕ್ಕಿದ್ದೆಲ್ಲ ಶೋಕಿ ಎಂದ. ಹೆಂಡತಿಯದು ಒಂದೇ ಮಾತು: ಬಿಳಿ ಬಣ್ಣದ್ದು ಬೇಡ, ಹಿಟ್ಟಿನ ನಡುವೆ ಹುಡುಕುತ್ತ ಕೂರಲು ತನಗೆ ಪುರುಸೊತ್ತಿಲ್ಲ. ಗಿರಣಿಯವನು ಎಲ್ಲರ ಮಾತಿಗೂ ತಲೆಯಾಡಿಸಿದ. ಹಳೆಯ ಫೋನಿನ ಗಾಜು ಒಡೆದಿದೆ, ಅದಕ್ಕೇ ಬದಲಾಯಿಸುತ್ತಿದ್ದೇನೆ ಎಂದು ಸಾರಿದ್ದ. ಗಾಜು ಒಡೆದು ಆಗಲೇ ಎರಡು ವರ್ಷವಾಗಿತ್ತಲ್ಲ ಎಂದು ಒಬ್ಬರೂ ಕೇಳಲಿಲ್ಲ.

ನಿಜವನ್ನು ಅವನು ಹೊಟ್ಟೆಯಲ್ಲೇ ಇಟ್ಟುಕೊಂಡಿದ್ದ. ಅವನ ಕಿವಿ ಹೋಗುತ್ತಿತ್ತು.

ಅವನ ಅಪ್ಪನ ಕಿವಿಯೂ ಇದೇ ಗಿರಣಿಯಲ್ಲಿ ಹೋಗಿತ್ತು. ಬೀಸುವ ಕಲ್ಲು ಕೂದಲೆಳೆಯಷ್ಟು ವಾರೆಯಾದರೂ ಅಪ್ಪನಿಗೆ ಗೊತ್ತಾಗುತ್ತಿತ್ತು, ಮನುಷ್ಯರ ಮಾತು ಮಾತ್ರ ಕೇಳುತ್ತಿರಲಿಲ್ಲ. ಮನೆಯವರು ಕೂಗಿ ಕೂಗಿ ಸುಸ್ತಾಗಿ ಕೊನೆಗೆ ಅವನೊಡನೆ ಮಾತನ್ನೇ ಬಿಟ್ಟರು. ಊಟಕ್ಕೆ ಕೂತಾಗ ಅಪ್ಪ ಎಲ್ಲರ ತುಟಿ ನೋಡುತ್ತ, ಎಲ್ಲರೂ ನಕ್ಕಾಗ ಒಂದು ಗಳಿಗೆ ತಡವಾಗಿ ತಾನೂ ನಗುತ್ತಿದ್ದ. ಆ ತಡವಾದ ನಗುವನ್ನು ಗಿರಣಿಯವನು ಈಗಲೂ ಮರೆತಿಲ್ಲ.

ಮಗಳು ಪಕ್ಕದ ಊರಿನ ಆಸ್ಪತ್ರೆಯಲ್ಲಿ ನರ್ಸು. ಮಧ್ಯಾಹ್ನ ಅವನು ಯಂತ್ರ ನಿಲ್ಲಿಸಿ ಬುತ್ತಿ ಬಿಚ್ಚುವ ಹೊತ್ತಿಗೆ ಸರಿಯಾಗಿ ಫೋನ್ ಮಾಡುವವಳು. ಕೆಲವು ತಿಂಗಳಿಂದ ಅವಳ ಮಾತು ಬಾಯಿಗೆ ಬಟ್ಟೆ ಅಡ್ಡ ಹಿಡಿದವರ ಮಾತಿನಂತೆ ಕೇಳತೊಡಗಿತ್ತು. ಮೊದಮೊದಲು ಏನು, ಏನು ಎಂದು ಕೇಳಿದ. ಆಮೇಲೆ ನಾಚಿಕೆಯಾಗಿ, ಹೂಂಗುಟ್ಟುವುದನ್ನು ಕಲಿತ. ಎರಡು ಹೂಂ, ಒಂದು ಹೌದಾ, ನಂತರ ಗಿರಾಕಿ ಬಂದರು, ಅಮ್ಮನಿಗೆ ಫೋನ್ ಮಾಡು ಎಂದು ಇಟ್ಟುಬಿಡುವುದು. ಗಿರಾಕಿಯ ನೆರಳೂ ಅಲ್ಲಿರುತ್ತಿರಲಿಲ್ಲ. ಇತ್ತೀಚೆಗೆ ಮಗಳ ಫೋನೇ ಅಪರೂಪವಾಗಿತ್ತು.

ಮಿಕ್ಕವರ ಮಾತು ಕೇಳುತ್ತಿತ್ತು, ನಿಜ. ಆದರೆ ಗಿರಣಿಯ ಮಗ್ಗುಲಲ್ಲೇ ಸಂಸಾರ ಮಾಡಿದ ಹೆಂಡತಿ ಗುಟ್ಟು ಹೇಳಿದರೂ ಮೂರು ಮನೆಗೆ ಕೇಳಿಸುತ್ತಿತ್ತು, ಗಿರಾಕಿಗಳೋ ಯಂತ್ರದ ಸದ್ದಿನ ಮೇಲೆ ಅರಚಿಯೇ ಅಭ್ಯಾಸವಾದವರು. ಮೆಲುದನಿ ಅಂತ ಇದ್ದದ್ದು ಮಗಳದೊಂದೇ. ಮೊದಲು ಹೋಗುವುದು ಮೆಲುದನಿಯೇ ಎಂದು ಅವನು ತನ್ನಷ್ಟಕ್ಕೆ ತೀರ್ಮಾನಿಸಿಬಿಟ್ಟ. ಡಾಕ್ಟರ ಹತ್ತಿರ ಹೋಗಲು ಧೈರ್ಯವಿಲ್ಲ, ಅವರು ಹೌದು ಎಂದುಬಿಟ್ಟರೆ? ಹಾಗಾಗಿ ಕಿವಿಯ ಕಾಯಿಲೆಗೆ ಫೋನಿನ ಅಂಗಡಿ ಹತ್ತಿದ. ಎಂಥ ಜಾಣ ನೋಡಿ.

ಅಂಗಡಿಯಾಕೆ ಗಾಜಿನ ಮೇಜಿನ ಮೇಲೆ ಸಾಲಾಗಿ ಫೋನುಗಳನ್ನು ಇಟ್ಟಳು. ಒಂದು ಕತ್ತಲಲ್ಲೂ ಫೋಟೋ ತೆಗೆಯುತ್ತದೆ, ಇನ್ನೊಂದು ಮುಖ ನೋಡಿ ತನ್ನ ಬೀಗ ತಾನೇ ತೆಗೆಯುತ್ತದೆ, ಮತ್ತೊಂದರಲ್ಲಿ ಆಟ ಆಡಿದರೂ ಬಿಸಿಯಾಗುವುದಿಲ್ಲ. ಅವನು ಸುಮ್ಮನೆ ಕೇಳಿಸಿಕೊಂಡ. ಆಕೆ ಕೊನೆಗೆ, ದಿನಾ ನಿಮಗೆ ಫೋನಿನಿಂದ ಏನು ಕೆಲಸ ಎಂದು ವಿಚಾರಿಸಿದಳು.

ಅವನು ಹಿಂದೆ ಯಾರೂ ಇಲ್ಲವೆಂದು ತಿರುಗಿ ನೋಡಿಕೊಂಡು ಹೇಳಿದ. "ಇದ್ರಲ್ಲಿ ಎಲ್ಲಕ್ಕಿಂತ ಜೋರಾಗಿ ಕೇಳ್ಸೋದು ಯಾವ್ದಮ್ಮ?"

ಆಕೆ ನಗಲಿಲ್ಲ. ಮೂಲೆಯಲ್ಲಿದ್ದ ಒಂದು ಸಾದಾ ಫೋನು ತೆಗೆದು, ಅವನ ಸಿಮ್ ಹಾಕಿ, ಕೈಗೆ ಕೊಟ್ಟಳು. ತಾನು ಬಾಗಿಲಾಚೆ ಹೋಗಿ ಬೆನ್ನು ತಿರುಗಿಸಿ ನಿಂತು ತನ್ನ ಫೋನಿನಿಂದ ಕರೆ ಮಾಡಿದಳು. ಅವನು ಎದೆ ಗಟ್ಟಿ ಮಾಡಿಕೊಂಡು ಕಿವಿಗಿಟ್ಟ. ಮಾತು ಕಿವಿಯೊಳಗೇ ಕೂತು ಆಡಿದಂತಿತ್ತು. ಆಕೆಯ ಉಸಿರು ಕೇಳಿತು, ಬಳೆ ಸದ್ದು ಕೇಳಿತು, ಆಚೆ ಬೀದಿಯಲ್ಲಿ ಯಾರೋ ಸ್ಕೂಟರಿಗೆ ಒದೆಯುತ್ತಿದ್ದದ್ದೂ ಕೇಳಿತು.

ಆಕೆ ಒಳಗೆ ಬಂದಾಗ, ಇಷ್ಟು ಜೋರಿನ ಫೋನು ಬಹಳ ದುಬಾರಿಯೇ ಇರಬೇಕು ಎಂದ.

"ಜೋರಾ? ವಾಲ್ಯೂಮ್ ಅರ್ಧಕ್ಕಿಟ್ಟಿದೀನಿ ಅಂಕಲ್. ಮೆತ್ತಗೇ ಮಾತಾಡ್ದೆ," ಎಂದಳು ಆಕೆ.

ಅವನಿಗೆ ತಲೆಬುಡ ತಿಳಿಯಲಿಲ್ಲ. ಆಕೆ ಅವನ ಹಳೆಯ ಫೋನನ್ನು ದೀಪದ ಕೆಳಗೆ ಹಿಡಿದು, ಕಿವಿಗೆ ತಾಗುವ ಕಡೆಯ ಸಣ್ಣ ಸೀಳನ್ನು ನೋಡಿದಳು. ಒಂದು ಮೆತ್ತನೆಯ ಬ್ರಷ್ಷು ತೆಗೆದು ತಿಕ್ಕಿದಳು. ಗಾಜಿನ ಮೇಲೆ ಹಿಟ್ಟು ಉದುರಿತು. ಕೆಳಗಡೆ ಸ್ಪೀಕರಿನ ತೂತುಗಳಲ್ಲೂ ಅದೇ ಕಥೆ, ಬೆವರಿಗೆ ಹದವಾಗಿ ಕಲಸಿ ಗಟ್ಟಿಯಾದ ಹಿಟ್ಟು. ಮೆತ್ತಿದ್ದನ್ನೆಲ್ಲ ಬಿಡಿಸಿ ಆಕೆ ಒಂದು ಕಾಗದದ ಮೇಲೆ ಗುಡ್ಡೆ ಮಾಡಿದಳು.

ಅವನು ಆ ಹಿಟ್ಟನ್ನೇ ನೋಡಿದ. ಸ್ಟೂಲು ಎಳೆದುಕೊಂಡು ಕೂತ. ನಗು ಬಂತು. ತಡೆಯಲು ಹೋದರೆ ಇನ್ನೂ ಹೆಚ್ಚಾಯಿತು. ನಗುನಗುತ್ತಲೇ ಕಣ್ಣಲ್ಲಿ ನೀರು ಬಂದು, ಗುರುತು ಪರಿಚಯವಿಲ್ಲದ ಆ ಹೆಣ್ಣುಮಗಳ ಮುಂದೆ ಅಪ್ಪನ ಕಿವಿಯ ಕಥೆಯನ್ನೆಲ್ಲ ಒದರಿಬಿಟ್ಟ. ತಿಂಗಳುಗಟ್ಟಲೆ ಎದೆಯ ಮೇಲೆ ಕೂತಿದ್ದ ಚೀಲವನ್ನು ಯಾರೋ ಎತ್ತಿ ಪಕ್ಕಕ್ಕಿಟ್ಟಂತೆ ಹಗುರವಾಗಿತ್ತು.

ಆಕೆ ಒಳ್ಳೆಯವಳು, ಹಳೆಯದನ್ನೇ ಇನ್ನೂ ಸ್ವಲ್ಪ ದಿನ ಬಳಸಬಹುದು ಎಂದಳು. ಅವನು ಕೇಳಲಿಲ್ಲ. ತನ್ನ ಕಿವಿ ನೆಟ್ಟಗಿದೆ ಎಂದು ಮೊದಲು ಹೇಳಿದ ಫೋನು ಇದು, ಇದನ್ನು ಅಂಗಡಿಯಲ್ಲಿ ಬಿಟ್ಟು ಹೋಗುವುದುಂಟೇ? ಬಣ್ಣವೂ ಕಪ್ಪು, ಹೆಂಡತಿಯ ಕಾಟವೂ ತಪ್ಪಿತು. ಗಿರಣಿಯಲ್ಲಿದ್ದಾಗ ಹಾಕಿಡಲು ಜಿಪ್ಪಿನ ಒಂದು ಪ್ಲಾಸ್ಟಿಕ್ ಚೀಲ ಕೊಡಿಸಿಕೊಂಡ. ಅಲ್ಲೇ, ಸ್ಟೂಲಿನಿಂದ ಏಳದೆ, ಮಗಳಿಗೆ ಫೋನ್ ಮಾಡಿದ.

"ಏನಪ್ಪಾ? ಅಮ್ಮ ಹುಷಾರಿದಾಳಾ?" ಎಂದಳು ಮಗಳು ಗಾಬರಿಯಿಂದ. ಅವನಾಗಿ ಫೋನ್ ಮಾಡಿ ಬಹಳ ಕಾಲವಾಗಿತ್ತು.

"ಚೆನ್ನಾಗಿದಾಳೆ. ಇಷ್ಟು ದಿನ ನೀನು ಹೇಳಿದ್ದನ್ನೆಲ್ಲ ಇನ್ನೊಂದ್ಸಲ ಹೇಳು."

ಅವಳು ತಡೆದು ತಡೆದು ಹೇಳಿದಳು. ಹೊಸ ಬಾಡಿಗೆ ಮನೆ ನೋಡಲು ಬಾ ಎಂದು ಕರೆದಿದ್ದಳಂತೆ, ಅವನು ಹೂಂ ಎಂದಿದ್ದನಂತೆ. ಎರಡು ಭಾನುವಾರ ಬಸ್ ನಿಲ್ದಾಣದಲ್ಲಿ ಕಾದು ವಾಪಸ್ಸು ಹೋಗಿದ್ದಳಂತೆ.

"ಅಮ್ಮಂಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನಿನ್ನ ಬಯ್ದು ಕಳಿಸ್ತಿದ್ಲು. ಬಯ್ಸಿಕೊಂಡು ಬರೋದಾದ್ರೆ ಬೇಡ ಅನ್ನಿಸ್ತು. ನಿಂಗೆ ನನ್ನ ಹತ್ರ ಮಾತಾಡೋಕೇ ಇಷ್ಟ ಇಲ್ವೇನೋ ಅಂದ್ಕೊಂಡೆ."

ಅವನ ನಗು ಅಲ್ಲಿಗೆ ನಿಂತಿತು. "ನಂಗೆ ಒಂದಕ್ಷರ ಕೇಳಿಸಿರ್ಲಿಲ್ಲ ಮಗಳೇ. ತಾತನ ಹಾಗೆ ನನ್ನ ಕಿವಿನೂ ಹೋಯ್ತು ಅಂದ್ಕೊಂಡು ಬಾಯ್ಮುಚ್ಚಿಕೊಂಡಿದ್ದೆ. ನೋಡಿದ್ರೆ ಫೋನೊಳಗೆ ಹಿಟ್ಟು. ಈ ಭಾನುವಾರ ಮೊದಲನೇ ಬಸ್ಸಿಗೇ ಬರ್ತೀನಿ."

ಅವನು ಫೋನನ್ನು ಕಿವಿಗೆ ಒತ್ತಿ ಹಿಡಿದು ಕಾದ.

"ಅಳ್ತಿದೀಯಾ?"

"ಇಲ್ಲಪ್ಪ."

"ಸುಳ್ಳು ಹೇಳ್ಬೇಡ. ಕೇಳಿಸ್ತಾ ಇದೆ," ಎಂದ ಗಿರಣಿಯವನು.