ಗೋಡೆಯ ಮೊಳೆ

ನನಗೆ ಹೆಸರು ತಂದ ಛಾಯಾಚಿತ್ರದಲ್ಲಿ ಎಲ್ಲರೂ ಮೊದಲು ನೋಡುತ್ತಿದ್ದುದು ಮನುಷ್ಯನನ್ನಲ್ಲ, ಒಂದು ಮೊಳೆಯನ್ನು. ನಮ್ಮೂರ ಹೋಟೆಲಿನ ಹೊರಗೋಡೆಗೆ ಹೊಡೆದ, ತುಕ್ಕು ಹಿಡಿದ ಮೊಳೆ. ಅದಕ್ಕೆ ನೇತುಬಿದ್ದ ಹಿಡಿಕೆಯ ಸೊಟ್ಟ ಲೋಟ. ಕೆಳಗೆ ಕುಕ್ಕರಗಾಲಿನಲ್ಲಿ ಕೂತು ಚಹಾಕ್ಕೆ ಕಾಯುತ್ತಿದ್ದ ದ್ಯಾಮಣ್ಣ. ಅವನ ಕೇರಿಯವರಿಗೆಂದೇ ಇಟ್ಟ ಲೋಟವದು. ಅವರೇ ತೆಗೆದುಕೊಂಡು, ಮೇಲಿನಿಂದ ಹೊಯ್ಯಿಸಿಕೊಂಡು, ಕುಡಿದು, ತೊಳೆದು ಮತ್ತೆ ಅಲ್ಲೇ ಸಿಕ್ಕಿಸಬೇಕಿತ್ತು.

ಬಿಟ್ಟುಬಂದ ದೇಶದ ಬಗ್ಗೆ ಹೊಸ ದೇಶದ ಜನರೆದುರು ನಾನು ಕಟುವಾಗಿಯೇ ಮಾತಾಡುತ್ತಿದ್ದೆ. "ನಮ್ಮಲ್ಲಿ ಅತಿಥಿ ದೇವರು, ಆದರೆ ನೆರೆಯವನು ಮೈಲಿಗೆ" ಎಂದರೆ ಸಭೆ ತಲೆದೂಗುತ್ತಿತ್ತು. ಆ ಮಾತನ್ನು ಇವತ್ತಿಗೂ ನಾನು ಹಿಂತೆಗೆದುಕೊಂಡಿಲ್ಲ. ಆದರೆ ಚಿತ್ರ ನಮ್ಮೂರ ಕಡೆಯ ಪತ್ರಿಕೆಗಳಲ್ಲೂ ಅಚ್ಚಾಯಿತೆಂದು ತಿಳಿದ ದಿನದಿಂದ ನಿದ್ದೆ ಹಾರಿಹೋಯಿತು. ನಾನೇನೋ ಕಡಲಾಚೆ ಕ್ಷೇಮವಾಗಿದ್ದೆ. ದ್ಯಾಮಣ್ಣ ಅಲ್ಲೇ ಇದ್ದ. ಊರ ಮಾನ ಕಳೆದವನೆಂದು ಅವನನ್ನು ಏನು ಮಾಡಿರಬಹುದು? ಕಣ್ಣಾರೆ ನೋಡಲೆಂದೇ ಹೊರಟುಬಂದೆ.

ಬಸ್ಸಿಳಿಯುವಾಗಲೇ ಬೈಗುಳಕ್ಕೆ, ಕಲ್ಲಿಗೆ ಸಿದ್ಧನಾಗಿದ್ದೆ. ಸಿಕ್ಕವರೆಲ್ಲ ನಕ್ಕು ಕೈಮುಗಿದರು. ಅದು ಇನ್ನಷ್ಟು ಭಯ ಹುಟ್ಟಿಸಿತು.

"ದ್ಯಾಮಣ್ಣ ಹೆಂಗದಾನ?" ಎಂದು ಕಿರಾಣಿ ಅಂಗಡಿಯವನನ್ನು ಕೇಳಿದೆ.

"ನೀವು ಮೊದ್ಲ ರಾಚಣ್ಣನ ಹೋಟೆಲಿಗೆ ಹೋಗ್ರಿ. ಎಲ್ಲಾ ಗೊತ್ತಾಗ್ತೈತಿ" ಎಂದವನು ತಕ್ಕಡಿಯ ಕಡೆ ತಿರುಗಿಕೊಂಡ.

ಹೋಟೆಲಿನೆದುರು ಬಂದು ನಿಂತೆ. ಅದೇ ಗೋಡೆಯ ಮೇಲೆ, ಗಾಜು ಹಾಕಿದ ಕಟ್ಟಿನೊಳಗೆ, ನನ್ನದೇ ಚಿತ್ರ. ದ್ಯಾಮಣ್ಣನ ಹಣೆಯ ಮೇಲೆ ಕುಂಕುಮ, ಕಟ್ಟಿನ ಸುತ್ತ ಸೇವಂತಿಗೆ ಹಾರ. ನಮ್ಮಲ್ಲಿ ಮನುಷ್ಯರ ಫೋಟೋಕ್ಕೆ ಹಾರ ಬೀಳುವುದು ಯಾವಾಗ ಎಂಬುದು ಯಾರಿಗೆ ಗೊತ್ತಿಲ್ಲ? ಒಳಗೆ ಕೂತಿದ್ದ ರಾಚಣ್ಣನನ್ನು ಕೂಗಿ ಕೇಳಿದೆ.

"ಕಾಕಾ, ಯಾವಾಗ ಹೋದ?"

"ಯಾರು, ದ್ಯಾಮ್ಯಾನ? ಎಲ್ಲಿಗೆ ಹೋಗ್ತಾನ, ಗಟ್ಟಿಮುಟ್ಟಾಗಿ ಅದಾನ." ರಾಚಣ್ಣ ಗಲ್ಲಾದಿಂದ ಎದ್ದುಬಂದು ನನ್ನ ಹೆಗಲು ತಟ್ಟಿದ. "ಪರದೇಶ ಕಂಡ ಚಿತ್ರ ಅಂತ ಶುಕ್ರವಾರಕ್ಕೊಮ್ಮೆ ನಾನ ಹಾರ ಹಾಕ್ತೀನಿ. ಇದನ್ನ ನೋಡಾಕ ಪ್ಯಾಟಿಯಿಂದ ಮಂದಿ ಬರ್ತಾರ. ಮೊಳಿ ಸೈತ ಹಳೇದ ಐತಿ, ನೋಡು ತಮ್ಮಾ."

ಹೌದು, ಕಟ್ಟು ತೂಗುತ್ತಿದ್ದುದು ಲೋಟದ ಮೊಳೆಗೇ. ಬೈದಿದ್ದರೆ ನನಗೆ ಅರ್ಥವಾಗುತ್ತಿತ್ತು. ನಮ್ಮ ದೇಶ ಬೈಯುವ ಗೋಜಿಗೂ ಹೋಗುವುದಿಲ್ಲ; ಮುಖಕ್ಕೆ ಕನ್ನಡಿ ಹಿಡಿದರೆ ಕನ್ನಡಿಗೇ ಪೂಜೆ ಮಾಡಿ ಕೈತೊಳೆದುಕೊಳ್ಳುತ್ತದೆ.

"ಹಂಗಾದ್ರ ಆ ಲೋಟ ತೆಗೆದ್ರೇನು?"

ರಾಚಣ್ಣನ ಕಣ್ಣು ಹಿತ್ತಲ ಬಾಗಿಲ ಕಡೆ ಹೊರಳಿತು. ಆಮೇಲೆ, "ಚಾ ಕುಡೀತಿಯೇನು?" ಎಂದ. ನಾನು ಹಿತ್ತಲಿಗೆ ನಡೆದೆ.

ಒಲೆಯ ಬೂದಿ ಸುರಿಯುವಲ್ಲಿ, ಬಚ್ಚಲ ನೀರು ಹರಿಯುವ ಪಕ್ಕದಲ್ಲಿ ದ್ಯಾಮಣ್ಣ ಕೂತಿದ್ದ. ಕೂದಲು ನೆರೆತಿತ್ತು. ಕೈಯಲ್ಲಿ ಅದೇ ಸೊಟ್ಟ ಲೋಟ. ಬದುಕಿದ್ದಾನಲ್ಲ ಎಂದು ನನಗೆ ಅಳುವೇ ಬಂತು.

"ಯಾರೂ ಏನೂ ಅನ್ಲಿಲ್ಲರೀ," ಎಂದ ನಾನು ಕೇಳುವ ಮೊದಲೇ. "ಮುಂದ ಕುಂತ್ರ ಬಂದವರ ಕಣ್ಣಿಗೆ ಬೀಳ್ತಿ, ಹಿಂದ ಕುಂಡ್ರು ಅಂದ್ರು, ಅಷ್ಟ. ಅಲ್ಲಿ ಮುಂದ ಬೇವಿನ ನೆಳ್ಳಿತ್ತು. ಹೋಗೋ ಬರೋ ಮಂದಿ ನಾಕ ಮಾತಾಡ್ತಿದ್ರು."

ನನಗೆ ತಿಳಿಯದಂತೆಯೇ ಕೈ ಹೆಗಲ ಮೇಲಿನ ಕ್ಯಾಮೆರಾಕ್ಕೆ ಹೋಗಿತ್ತು. ಈ ಬೂದಿ, ಈ ಬಚ್ಚಲು, ಇದನ್ನೂ ಲೋಕ ನೋಡಲಿ ಎನ್ನಿಸಿತ್ತು. ದ್ಯಾಮಣ್ಣ ನನ್ನ ಕೈಯನ್ನೇ ನೋಡುತ್ತಿದ್ದ. ಅವನಿಗೆ ಹೆದರಿಕೆಯಾಗಿತ್ತು.

"ಬ್ಯಾಡ್ರೀ ಅಪ್ಪಾರ," ಎಂದ. "ಇನ್ನೂ ಹಿಂದಕ್ಕ ಹೋಗಂದ್ರ ಹಳ್ಳಾನ ಐತಿ."

ಆಮೇಲೆ ಎದ್ದು ಲೋಟ ತೊಳೆದು, ತುದಿಗಾಲಲ್ಲಿ ನಿಂತು ಹಿತ್ತಲ ಗೋಡೆಗೆ ಸಿಕ್ಕಿಸಿದ. ಅಲ್ಲಿದ್ದುದು ಹೊಸ ಮೊಳೆ. ಇನ್ನೂ ತುಕ್ಕು ಹಿಡಿದಿರಲಿಲ್ಲ.