ಸೆಕೆಂಡು ಹಲಗಯ್ಯನವರ ಎರಡು ಗೆರೆ

"ಆ ಹಾಳೆ ಹರೀತೀರೋ ಇಲ್ವೋ?" ಎಂದು ನಾನು ಮೇಜು ಗುದ್ದಿದೆ. "ಪೊಲೀಸ್ ಜೀಪಿನ ಮೇಲೇ ಕೇಸು ಬರ್ಕೊಂಡಿದ್ದೀರಲ್ಲ, ನಿಮ್ಗೇನು ತಲೆ ಕೆಟ್ಟಿದ್ಯಾ?"

ಹಲಗಯ್ಯನವರು ತಲೆ ಎತ್ತಲಿಲ್ಲ. "ಮೇಜು ಸರ್ಕಾರದ್ದು, ಮೆಲ್ಲಗೆ," ಎಂದರು. ಚೌಕಿಯ ಬಾಗಿಲಿನಿಂದ ರಸ್ತೆಗೆ ಅಡ್ಡಲಾಗಿ ಬಳಿದ ಎರಡು ಸುಣ್ಣದ ಗೆರೆಗಳು ಕಾಣುತ್ತಿದ್ದವು, ಒಂದು ಹತ್ತಿರ, ಇನ್ನೊಂದು ದೂರ. ಅವುಗಳ ಕಡೆ ಪೆನ್ನು ತೋರಿಸಿದರು. "ಅವಕ್ಕೆ ಯಾವ ಗಾಡಿ ಯಾರದು ಅಂತ ಗುರ್ತು ಸಿಗಾಕಿಲ್ಲ ಕಣಪ್ಪ. ಮೂರೂವರೆ ಸೆಕೆಂಡು. ಬರ್ದಿದ್ದೀನಿ."

"ಕಳ್ಳನ ಹಿಂದೆ ಹೋಗೋವಾಗ ನಿಮ್ ಗೆರೆಗೊಂದು ನಮಸ್ಕಾರ ಹಾಕ್ಕೊಂಡು ಹೋಗ್ಲಾ?"

"ಕಳ್ಳನ ಹಿಂದೆ ಹೋಗಿದ್ಯಾ? ಹಂಗಾದ್ರೆ ಅದನ್ನೇ ಹೇಳು. ಕಾರಣದ ಕಾಲಂ ಖಾಲಿ ಐತೆ."

"ಪೊಲೀಸಿಗೆ ಕಾರಣ ಕೇಳೋಕೆ ನೀವ್ಯಾರ್ರೀ?"

"ನಾನೂ ಪೊಲೀಸೇ ಅಲ್ವೇನಪ್ಪ?" ಎಂದು ತಮ್ಮ ಖಾಕಿ ಅಂಗಿಯನ್ನು ತಾವೇ ಒಮ್ಮೆ ನೋಡಿಕೊಂಡರು. ಬಾಗಿಲಲ್ಲಿ ನಿಂತಿದ್ದ ಕಾನ್‌ಸ್ಟೇಬಲ್ ನಕ್ಕುಬಿಟ್ಟ. ನನಗೆ ಮೈಯೆಲ್ಲ ಉರಿದುಹೋಯಿತು. ಬಾಯಿಗೆ ಬಂದದ್ದನ್ನು ಬೈದು ಹೊರಬಿದ್ದೆ.

ನಾನು ಆಗ ಆ ಊರಿನ ಠಾಣೆಯ ಜೀಪು ಓಡಿಸುತ್ತಿದ್ದೆ. ಹಲಗಯ್ಯನವರು ದಫೇದಾರರು. ನನ್ನ ಕೈಗೆ ಆ ಜೀಪು ಕೊಡಿಸಿದವರೇ ಅವರು. ಹಳ್ಳಿ ಶಾಲೆಯಲ್ಲಿ ಏಳನೇ ಕ್ಲಾಸು ಓದಿದ ನನ್ನ ಅರ್ಜಿಯನ್ನು ತಿದ್ದಿ, ಸಾಹೇಬರ ಮುಂದೆ ನಿಂತು, "ಹುಡ್ಗ ಸಿಡುಕ, ಆದ್ರೆ ಸುಳ್ಳು ಹೇಳೋನಲ್ಲ," ಎಂದಿದ್ದರಂತೆ. ಆ ಮಾತನ್ನು ನಾನು ಬಹಳ ದಿನ ಹೆಮ್ಮೆಯಿಂದ ಹೇಳಿಕೊಂಡು ತಿರುಗಿದ್ದೇನೆ. ಈಗ ಹೇಳಿಕೊಳ್ಳುವುದಿಲ್ಲ.

ಊರಿನ ಅಂಚಿನಲ್ಲಿ ಒಂದು ಹೆಂಚಿನ ಕಾರ್ಖಾನೆ ಇತ್ತು. ಅಲ್ಲಿ ಕೆಲಸ ಮಾಡುವ ಹೆಂಗಸರು ಮಧ್ಯಾಹ್ನದ ಸೈರನ್ ಕೂಗು ಆದೊಡನೆ ರಸ್ತೆ ದಾಟಿ, ಎದುರಿನ ಹೊಂಗೆ ಮರಗಳ ಕೆಳಗೆ ಬುತ್ತಿ ಬಿಚ್ಚುತ್ತಿದ್ದರು. ಲಾರಿ ಬಸ್ಸುಗಳು ಅಲ್ಲಿ ಹಾರಿಕೊಂಡು ಹೋಗಬಾರದೆಂದು ಇನ್ನೂರಿಪ್ಪತ್ತು ಅಡಿ ಅಂತರದಲ್ಲಿ ಎರಡು ಗೆರೆ ಬಳಿದಿದ್ದರು. ಗಾಡಿ ಮೊದಲನೆಯ ಗೆರೆ ತುಳಿದಾಗ ಒಬ್ಬ ಕಾನ್‌ಸ್ಟೇಬಲ್ ಕೆಂಪು ಬಟ್ಟೆ ಬೀಳಿಸುತ್ತಿದ್ದ. ಎರಡನೆಯದರ ಬಳಿ ಹಲಗಯ್ಯನವರು ಒತ್ತಿದರೆ ಓಡುವ, ಮತ್ತೆ ಒತ್ತಿದರೆ ನಿಲ್ಲುವ ಗಡಿಯಾರ ಹಿಡಿದು ನಿಂತಿರುತ್ತಿದ್ದರು. ಐದು ಸೆಕೆಂಡಿಗಿಂತ ಮೊದಲೇ ದಾಟಿದರೆ ಗಂಟೆಗೆ ಮೂವತ್ತು ಮೈಲಿ ಮೀರಿದಂತೆ, ಕೇಸು. ಊರೆಲ್ಲ ಅವರನ್ನು ಸೆಕೆಂಡು ಹಲಗಯ್ಯ ಎಂದೇ ಕರೆಯುತ್ತಿತ್ತು.

ಪ್ರತಿ ಸೋಮವಾರ ಬೆಳಿಗ್ಗೆ ಅವರೇ ಸರ್ವೆ ಸರಪಳಿ ಎಳೆದು ಅಂತರ ಅಳೆದು, ತೆಂಗಿನ ನಾರಿನ ಕುಂಚದಿಂದ ಗೆರೆಗಳಿಗೆ ಹೊಸ ಸುಣ್ಣ ಬಳಿಯುತ್ತಿದ್ದರು. "ಹೋದ ವಾರ ಅಳೆದ ರಸ್ತೆ ಈ ವಾರ ಬೆಳೆದುಬಿಡ್ತದಾ ಅಣ್ಣ?" ಎಂದು ನಾನು ರೇಗಿಸಿದರೆ, "ರಸ್ತೆ ಬೆಳೆಯಾಕಿಲ್ಲ, ನನ್ನ ಅನುಮಾನ ಬೆಳೀತದೆ," ಎನ್ನುತ್ತಿದ್ದರು.

ಅವರ ಪುಸ್ತಕದಲ್ಲಿ ಕೊನೆಯ ಕಾಲಂ ಕಾರಣದ್ದು. ಚಾಲಕ ಹೇಳಿದ ಮಾತನ್ನು ಒಂದಕ್ಷರ ತಿದ್ದದೆ ಅಲ್ಲಿ ಬರೆದು, ಕೆಳಗೆ "ಹೇಳಿದಂತೆ ಬರೆದಿದೆ" ಎಂದು ಸಹಿ ಹಾಕುತ್ತಿದ್ದರು. 'ಎತ್ತಿಗೆ ಹೊಟ್ಟೆ ಉಬ್ಬರ, ಡಾಕ್ಟರನ್ನು ಕರೆತರುತ್ತಿದ್ದೆ.' 'ಹಾಲು ಒಡೆಯುತ್ತದೆ.' 'ಹೆಂಡತಿ ಕೋಪದಲ್ಲಿ ಕಾಯುತ್ತಿದ್ದಾಳೆ.' ಎಲ್ಲವೂ ಮ್ಯಾಜಿಸ್ಟ್ರೇಟರ ಮುಂದೆ ಹೋಗುತ್ತಿದ್ದವು. ಎತ್ತಿನವನಿಗೆ ದಂಡ ಮನ್ನಾ ಆಯಿತು. ಹೆಂಡತಿಯವನಿಗೆ ಆಗಲಿಲ್ಲ.

ನಾನು ಮೇಜು ಗುದ್ದಿದ ದಿನ ಜೀಪಿನಲ್ಲಿ ಕಳ್ಳನೂ ಇರಲಿಲ್ಲ, ಕಳ್ಳನ ಹಿಂದೆಯೂ ಹೋಗಿರಲಿಲ್ಲ. ಕಾರ್ಖಾನೆಯ ಗೂಡಿನ ಬಳಿ ಮೈ ಸುಟ್ಟುಕೊಂಡಿದ್ದ ಒಬ್ಬ ಆಳನ್ನು ಆಸ್ಪತ್ರೆಗೆ ಸಾಗಿಸಿದ್ದೆ. ಅದನ್ನು ಹೇಳಿದ್ದರೆ ಮುಗಿಯುತ್ತಿತ್ತು. ನನ್ನನ್ನೂ ಕಾರಣ ಕೇಳಿದರಲ್ಲ ಎಂಬ ಸಿಟ್ಟಿಗೆ ಹೇಳಲಿಲ್ಲ. ಹಲಗಯ್ಯನವರು ಸಂಜೆ ಸೈಕಲ್ ತುಳಿದುಕೊಂಡು ಆಸ್ಪತ್ರೆಗೆ ಹೋಗಿ, ಆ ಆಳಿನ ಬಾಯಿಂದಲೇ ಕೇಳಿ ಬರೆದುಕೊಂಡು ಬಂದರು. ಮನ್ನಾ ಆದ ದಿನ ನಮ್ಮ ಮನೆಗೆ ಬಂದು ಜಗಲಿಯ ಮೇಲೆ ಕೂತರು. ನನ್ನ ಹೆಂಡತಿ ಕಾಫಿ ಕೊಟ್ಟಳು.

"ಒಂದ್ ಮಾತಿಗೆ ಇಷ್ಟು ರಂಪ ಮಾಡ್ದಲ್ಲೋ," ಎಂದರು. "ಕಾನೂನು ಎಲ್ರಿಗೂ ಒಂದೇ. ಮನ್ನಾನೂ ಎಲ್ರಿಗೂ ಒಂದೇ. ಅದನ್ನ ಕೊಡೋನು ನೀನಲ್ಲ, ನಾನೂ ಅಲ್ಲ. ಅಷ್ಟೇಯ."

ಅವರು ಹೇಳಿದ್ದು ಒಂದು, ನಾನು ಕಲಿತದ್ದು ಇನ್ನೊಂದು. ಆ ಕಾಲಂನಲ್ಲಿ ಸರಿಯಾದ ಮಾತೊಂದು ಬಿದ್ದರೆ ಗೇಟು ತೆರೆಯುತ್ತದೆ ಎಂದು ಕಲಿತೆ.

ಅಲ್ಲಿಂದ ಮುಂದೆ ಮಧ್ಯಾಹ್ನ ಆ ರಸ್ತೆಯಲ್ಲಿ ನನ್ನ ಜೀಪು ನಾಲ್ಕು ಸೆಕೆಂಡಿಗೋ ಮೂರೂವರೆಗೋ ಗೆರೆ ದಾಟುವುದು ಸಾಮಾನ್ಯವಾಯಿತು. ಹಲಗಯ್ಯನವರು ನನ್ನನ್ನು ತಡೆಯುತ್ತಿರಲಿಲ್ಲ. ಸಂಜೆ ಪುಸ್ತಕ ತೆರೆದು ಕಾರಣ ಕೇಳುತ್ತಿದ್ದರು.

"ತುರ್ತು ಕರೆ."

"ಏನ್ ಕರೆ?"

"ಇಲಾಖೆ ಗುಟ್ಟು ಅಣ್ಣ. ಹೇಳೋ ಹಂಗಿಲ್ಲ."

ಮೊದಲ ಸಲ ಅವರು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಬರೆದರು. ಎರಡನೆಯ ಸಲದಿಂದ ನೋಡಲೂ ಇಲ್ಲ. ಅವರ ಸಹಿ ಇದ್ದುದರಿಂದ ಮ್ಯಾಜಿಸ್ಟ್ರೇಟರೂ ಮತ್ತೊಮ್ಮೆ ಓದುತ್ತಿರಲಿಲ್ಲ. ಹಾಗೆ ಹನ್ನೊಂದು ಸಲ ಆಯಿತು.

ಹನ್ನೆರಡನೆಯ ಸಲ ಕಾರ್ಖಾನೆಯ ಕೂಗು ಎರಡು ನಿಮಿಷ ಮುಂಚೆಯೇ ಆಗಿತ್ತು. ಕೆಂಪು ಬಟ್ಟೆ ಬಿದ್ದದ್ದು ಕಂಡಿತು, ಅದರಾಚೆ ಹೆಂಗಸರ ಗುಂಪು ಕಂಡಿತು. ಬ್ರೇಕು ತುಳಿದೆ. ಜೀಪು ಓರೆಯಾಗಿ ಜಾರಿತು. ಎಲ್ಲರೂ ಹಿಂದಕ್ಕೆ ನೆಗೆದರು, ಲಕ್ಕಮ್ಮ ಎಂಬಾಕೆಯೊಬ್ಬಳನ್ನು ಬಿಟ್ಟು. ಮಡ್‌ಗಾರ್ಡು ತಗುಲಿ ಆಕೆ ಎರಡನೆಯ ಗೆರೆಯ ಮೇಲೆ ಬಿದ್ದಳು. ಮೊಣಕಾಲಿನ ಕೆಳಗೆ ಕಾಲು ತಿರುಚಿಕೊಂಡಿತ್ತು. ಆಕೆ ಅಳಲಿಲ್ಲ. "ನನ್ ಕಾಲು ಎತ್ತಾಗೈತೆ ನೋಡೇ," ಎಂದು ಪಕ್ಕದವಳನ್ನು ಕೇಳಿದಳು.

ಹಲಗಯ್ಯನವರು ಗಡಿಯಾರ ಹಿಡಿದೇ ಓಡಿ ಬಂದರು. ಆಗಲೇ ಜೀಪಿನ ಸೀಟಿನಿಂದ ಹೊರಗೆ ಹಾರಿದ್ದ ನಾಲ್ಕಂತಸ್ತಿನ ಊಟದ ಕ್ಯಾರಿಯರ್ ಉರುಳುರುಳಿ ಬಂದು ಅವರ ಬೂಟಿಗೆ ತಾಗಿ ನಿಂತಿತು. ಮುಚ್ಚಳ ಕಳಚಿತ್ತು. ಹಬೆಯಾಡುವ ಸಾರು ಸುಣ್ಣದ ಗೆರೆಯ ಮೇಲೆ ಹರಿದು, ಬಿಳಿಯೆಲ್ಲ ಕೆಂಪಾಯಿತು. ಉಬ್ಬಿದ ಎರಡು ಪೂರಿ ದೂಳಿನಲ್ಲಿ ಬಿದ್ದಿದ್ದವು.

"ಯಾವನ ಹೊಟ್ಟೆಗೆ ಇಷ್ಟು ಅವಸರ ಇತ್ತೇ ಯವ್ವ!" ಎಂದು ಗುಂಪಿನಲ್ಲಿ ಒಬ್ಬ ಮುದುಕಿ ಕೂಗಿದಳು.

ಅವಸರ ಇದ್ದದ್ದು ನಮ್ಮ ಇನ್ಸ್‌ಪೆಕ್ಟರ್ ಸಾಹೇಬರ ಹೊಟ್ಟೆಗೆ. ಅವರ ಮನೆ ಊರಿನ ಆ ತುದಿಗೆ, ಠಾಣೆ ಈ ತುದಿಗೆ. ಪೂರಿಯ ಉಬ್ಬು ಇಳಿದಿದ್ದರೆ ಕ್ಯಾರಿಯರನ್ನು ಹಿಂದಕ್ಕೆ ತಳ್ಳುತ್ತಿದ್ದರು, ಜೊತೆಗೆ ನನ್ನ ತಾಯಿಯನ್ನೂ ನೆನೆಯುತ್ತಿದ್ದರು. ನನ್ನ ಹನ್ನೊಂದು ತುರ್ತು ಕರೆಗಳೂ ಅವೇ.

ಹಲಗಯ್ಯನವರು ಸಾರನ್ನು ನೋಡಿದರು, ನನ್ನನ್ನು ನೋಡಿದರು. ಲಕ್ಕಮ್ಮನನ್ನು ಎತ್ತಲು ಕೈ ಕೊಟ್ಟರು. ಅದೇ ಜೀಪಿನಲ್ಲಿ ಆಕೆಯನ್ನು ಆಸ್ಪತ್ರೆಗೆ ಸಾಗಿಸಿದೆ, ಆ ಕಾಲಿಗೆ ಕುಲುಕು ತಾಗದಂತೆ, ನಿಧಾನವಾಗಿ. ನಿಧಾನವಾಗಿ ಓಡಿಸುವುದು ನನಗೆ ಬರುತ್ತಿತ್ತು ಎಂಬುದು ಅವತ್ತೇ ನೆನಪಾದದ್ದು.

ಸಾಹೇಬರು ಸಂಜೆ ನನ್ನನ್ನು ಕರೆದು ಬಾಗಿಲು ಹಾಕಿಸಿದರು. "ತುರ್ತು ಕರೆ ಅಂತ ಹೇಳು, ಮುಗೀತು. ಹನ್ನೊಂದು ಸಲ ಆ ಹಲಗಯ್ಯನೇ ಬರೆದು ಸಹಿ ಹಾಕಿದ್ದಾನೆ. ಹನ್ನೆರಡನೇದನ್ನ ಯಾರು ಅನುಮಾನಿಸ್ತಾರೆ? ಕರೆ ಇತ್ತು ಅಂದ್ರೆ ಅಡ್ಡ ಬಂದದ್ದು ಅವಳ ತಪ್ಪು. ಇಲ್ಲ ಅಂದ್ರೆ ನಿನ್ನ ತಪ್ಪು. ಕೆಲ್ಸ ಬೇಕೋ ಬೇಡ್ವೋ ನೋಡ್ಕೋ." "ಪೊಲೀಸ್ ಜೀಪು ಎತ್ತಿನ ಗಾಡಿ ಹಂಗೆ ಹೋದ್ರೆ ಜನ ಹೆದರ್ತಾರೇನೋ?" ಎಂದೂ ಕೇಳಿದರು.

ಮಾರನೆಯ ಬೆಳಿಗ್ಗೆ ಚೌಕಿಗೆ ಹೋದೆ. ಹಲಗಯ್ಯನವರ ಮುಂದೆ ಪುಸ್ತಕ ತೆರೆದಿತ್ತು, ಪಕ್ಕದಲ್ಲಿ ಗಡಿಯಾರ. ಹನ್ನೆರಡನೆಯ ಸಾಲಿನಲ್ಲಿ ಕಾರಣದ ಕಾಲಂ ಖಾಲಿ.

"ಹೇಳು," ಎಂದರು.

"ತುರ್ತು ಕರೆ."

ಅವರು ಬರೆಯಲಿಲ್ಲ. ಹಿಂದಿನ ಹಾಳೆಗಳನ್ನು ಒಂದೊಂದಾಗಿ ತಿರುವಿ ಬೆರಳಿಟ್ಟು ಎಣಿಸುತ್ತ ಹೋದರು. ಹನ್ನೊಂದಕ್ಕೆ ಬೆರಳು ನಿಂತಿತು. "ಇವೆಲ್ಲಾನೂ ಪೂರಿಯೇನಪ್ಪ?"

ತಪ್ಪು ನನ್ನದೇ ಆದಾಗ ನನ್ನ ದನಿ ಏರುತ್ತದೆ. ಅವತ್ತೂ ಏರಿತು. "ಹೌದ್ರೀ! ಸಾಹೇಬ್ರು ಹೇಳಿದ್ರು, ನಾನು ಓಡಿಸ್ದೆ. ಕೆಲ್ಸ ಹೋದ್ರೆ ನನ್ನ ಹೆಂಡ್ತಿ ಮಕ್ಳಿಗೆ ನಿಮ್ ಗಡಿಯಾರ ಅನ್ನ ಹಾಕ್ತದಾ? ಊರಲ್ಲಿ ಯಾವ ಪೊಲೀಸು ನಿಮ್ ಐದು ಸೆಕೆಂಡು ಪಾಲಿಸ್ತಾನೆ, ತೋರ್ಸಿ! ನಿಮ್ದೊಂದು ಅತಿಯಾಯ್ತು. ಬರೀರಿ ಸುಮ್ನೆ. ಹೇಳಿದ್ದನ್ನ ಬರೆಯೋದು ತಾನೇ ನಿಮ್ ಕೆಲ್ಸ?"

"ಹೂಂ. ಅದೇ ನನ್ ಕೆಲ್ಸ ಆಗಿತ್ತು," ಎಂದು ಅವರು ಪುಸ್ತಕವನ್ನು ನನ್ನ ಕಡೆಗೆ ತಿರುಗಿಸಿ, ಅದರ ಮೇಲೆ ಪೆನ್ನು ಇಟ್ಟರು. "ಇಷ್ಟು ದಿನ ನನ್ನ ಅಕ್ಷರದಲ್ಲಿ ನೀನು ಸುಳ್ಳು ಹೇಳ್ದೆ. ಇದೊಂದನ್ನ ನಿನ್ನ ಅಕ್ಷರದಲ್ಲಿ ಹೇಳು," ಎಂದು ಕುರ್ಚಿಯಿಂದ ಎದ್ದರು.

"ನೀವೆಲ್ಲಿಗೆ ಹೊರಟ್ರಿ?"

ಅವರು ಟೋಪಿ ತೆಗೆದು ಗಡಿಯಾರದ ಪಕ್ಕದಲ್ಲಿಟ್ಟರು. ಬೆಲ್ಟು ಬಿಚ್ಚಿ, ಸುರುಳಿ ಸುತ್ತಿ ಅದನ್ನೂ ಇಟ್ಟರು. "ಹನ್ನೊಂದು ಸುಳ್ಳಿಗೆ ಸಹಿ ಹಾಕಿದ್ದೀನಿ. ಇನ್ನ ಯಾವ ಮುಖ ಇಟ್ಕೊಂಡು ಆ ಲಾರಿಯವನ್ನ ತಡೀಲೋ? ಎತ್ತಿನವನನ್ನ ಕಾರಣ ಕೇಳ್ಲೋ?" ಎಂದರು. ನಾನು ಬಾಗಿಲಿಗೆ ಅಡ್ಡ ನಿಂತಿದ್ದೆ. "ಜರುಗು," ಎಂದರು. ಅಷ್ಟೇ. ಜರುಗಿದೆ.

ನನ್ನ ಕೈಗೆ ಗಡಿಯಾರ ಯಾವಾಗ ಬಂತೋ ತಿಳಿಯದು. ಅವರ ಕಾಲು ಮೊದಲನೆಯ ಗೆರೆ ತುಳಿದಾಗ ಹೆಬ್ಬೆರಳು ತಾನಾಗಿ ಒತ್ತಿತು. ಮುಳ್ಳು ಹೊರಟಿತು.

ನಾನು ಕೂತೆ. ಎಡಗೈಯಲ್ಲಿ ಗಡಿಯಾರ ಹಿಡಿದುಕೊಂಡೇ ಪೆನ್ನು ಎತ್ತಿಕೊಂಡೆ. ಆ ಕಾಲಂ ಎರಡು ಬೆರಳಗಲ, ನನ್ನ ಅಕ್ಷರ ದಪ್ಪ. 'ಸಾಹೇಬರ ಊಟ ಆರಬಾರದೆಂದು' ಎಂದು ಬರೆದೆ, ಪಕ್ಕದ ಕಾಲಂವರೆಗೂ ಹರಿಯಿತು. ಹಿಂದಿನ ಹಾಳೆಗಳಿಗೆ ಹೋಗಿ ಉಳಿದ ಹನ್ನೊಂದರ ಮುಂದೆಯೂ 'ಇದೂ ಅದೇ' ಎಂದು ಬರೆಯಬೇಕಿತ್ತು. ಅದನ್ನು ಆಮೇಲೆ ಮ್ಯಾಜಿಸ್ಟ್ರೇಟರ ಮುಂದೆ ಬಾಯಲ್ಲಿ ಹೇಳಿದೆ. ಲಕ್ಕಮ್ಮನ ತಪ್ಪಿಲ್ಲವೆಂದು ತೀರ್ಪಾಯಿತು. ಆಕೆ ಕುಂಟುತ್ತಲೇ ಕಾರ್ಖಾನೆಗೆ ಮರಳಿದಳು. ನನ್ನ ಖಾಕಿ ಹೋಯಿತು. ಇಷ್ಟು ವರ್ಷದಿಂದ ಹೆಂಚಿನ ಲಾರಿ ಓಡಿಸುತ್ತಿದ್ದೇನೆ. ಆದರೆ ಇವೆಲ್ಲ ಆಮೇಲಿನ ಮಾತು.

ಅವತ್ತು ಬರೆದು ಮುಗಿಸಿ ಬಾಗಿಲಿಗೆ ಓಡಿದೆ. "ಹಲಗಣ್ಣ! ಬರ್ದಿದ್ದೀನಿ! ಬಂದು ನೋಡಿ!" ಎಂದು ಗಂಟಲು ಹರಿಯುವಂತೆ ಕೂಗಿದೆ. ಬಟ್ಟೆ ಹಿಡಿದ ಕಾನ್‌ಸ್ಟೇಬಲ್ ತಿರುಗಿ ನೋಡಿದ. ಅವರು ತಿರುಗಲಿಲ್ಲ. ಅವರ ನಡಿಗೆ ಜೋರಾಗಲೂ ಇಲ್ಲ, ನಿಧಾನವಾಗಲೂ ಇಲ್ಲ. ಟೋಪಿಯಿಲ್ಲದ ನರೆತ ತಲೆ ಹೊಂಗೆಯ ನೆರಳಿಗೆ ಹೋಗಿ ಬಿಸಿಲಿಗೆ ಬರುತ್ತಿತ್ತು. ಸಾರು ಒಣಗಿ ಕಂದಾಗಿದ್ದ ಎರಡನೆಯ ಗೆರೆಯನ್ನು ಅವರು ದಾಟಿದರು. ಆಗ ನಾನು ಗಡಿಯಾರ ಒತ್ತಬೇಕಿತ್ತು. ಒತ್ತಲಿಲ್ಲ. ಅವರು ತಿರುವಿನಲ್ಲಿ ಮರೆಯಾದ ಮೇಲೂ ಮುಳ್ಳು ನನ್ನ ಅಂಗೈಯಲ್ಲಿ ಓಡುತ್ತಲೇ ಇತ್ತು.