ಸಾಕ್ಷಿ ಹಾಕಿದ ಆನಿ

ಮದರ್‌ವೆಲ್ಲಿನ ಲೈಬ್ರರಿಯಲ್ಲಿ ಇಶ್‌ಬೆಲ್ ಹುಡುಕುತ್ತಿದ್ದದ್ದು ಅಪ್ಪನ ತಾಯಿ ಓನಾಳನ್ನು. ಲಿಥುವೇನಿಯಾದಿಂದ ಗಂಡನ ಜೊತೆ ಈ ಕಲ್ಲಿದ್ದಲ ಊರಿಗೆ ಬಂದವಳು. ಗಂಡನನ್ನು ಸರ್ಕಾರ ರಷ್ಯಾದ ಯುದ್ಧಕ್ಕೆ ಸಾಗಿಸಿದ ಮೇಲೆ, ಹಸುಗೂಸು ಜಾನ್‌ನನ್ನು, ಅಂದರೆ ಇವರ ಅಪ್ಪನನ್ನು, ದಿನಸಿ ಅಂಗಡಿಯ ರೆನ್ನಿಗೆ ಒಪ್ಪಿಸಿ ತಾನೂ ಹಡಗು ಹತ್ತಿದಳಂತೆ. ಅಪ್ಪ ಸಾಯುವವರೆಗೂ ಅದಕ್ಕೇ ಹಲ್ಲು ಕಡಿಯುತ್ತಿದ್ದ.

"ಬಿಟ್ಟು ಹೋದೋಳ್ನ ಹುಡುಕಿ ಹಾರ ಹಾಕ್ಬೇಕೇನಕ್ಕ?" ಎಂದಳು ತಂಗಿ ರೋನಾ.

ಇಶ್‌ಬೆಲ್ ೧೯೨೧ರ ಜನಗಣತಿಯ ಹಾಳೆ ತೆರೆದಳು. ಸುಳ್ಳು ಬರೆದರೆ ದಂಡ ಬೀಳುವ ಹಾಳೆ. ರೆನ್ನಿ ನಿಜವನ್ನೇ ಬರೆದಿದ್ದ. ಓನಾ, ಮನೆಗೆಲಸದವಳು. ಜಾನ್, ನಾಲ್ಕು ವರ್ಷ, ಕೆಲಸದವಳ ಮಗ.

ರೋನಾ ಹಾಳೆಯತ್ತ ಬಗ್ಗಿದಳು. "ಅಪ್ಪನಿಗೆ ತಣ್ಣನೆ ಬೀಟ್‌ರೂಟ್ ಸಾರು ಮಾಡ್ಕೊಡ್ತಿದ್ಲಲ್ಲ, ರೆನ್ನಿ ಮನೆ ಕೆಲಸದ ಆನಿ..."

"ಅವಳೇ ಕಣೇ. ಅವಳ ಮಾತು ಅಣಕಿಸಿ ಬೀದಿಯೋರ್ನೆಲ್ಲ ನಗಿಸ್ತಿದ್ದೆ ಅಂತ ಅಪ್ಪನೇ ಹೇಳ್ತಿದ್ನಲ್ಲ, ಆ ಆನಿ."

ತನ್ನನ್ನೂ ಹಡಗು ಹತ್ತಿಸಿಯಾರೆಂಬ ಭಯಕ್ಕೋ, ಮಗ ಈ ನೆಲದವನಾಗಿಯೇ ಬೆಳೆಯಲೆಂದೋ, ತಾನೇ ತಾಯಿ ಎಂದು ಅವಳು ಬಾಯಿ ಬಿಟ್ಟಿರಲೇ ಇಲ್ಲ.

ಇಶ್‌ಬೆಲ್ ಅಪ್ಪನ ಮದುವೆಯ ದಾಖಲೆಯನ್ನು ಮತ್ತೆ ತೆಗೆದಳು. ಹತ್ತು ಸಲ ನೋಡಿದ್ದ ಹಾಳೆಯೇ. ಸ್ಕಾಟ್ಲೆಂಡಿನಲ್ಲಿ ಮದುವೆ ಬರೆಸುವಾಗ ತಾಯಿಯ ಹೆಸರನ್ನೂ ಹೇಳಬೇಕು. ಅಪ್ಪ ಸಿಟ್ಟಿನಲ್ಲಿ ಬರೆಸಿದ್ದ: ತಾಯಿ ಓನಾ, ಮೃತಳು.

ಕೆಳಗೆ ಸಾಕ್ಷಿಗಳು. ಎರಡನೆಯವಳಿಗೆ ರುಜು ಬರುತ್ತಿರಲಿಲ್ಲ. ಅವಳು ಎಳೆದ ಕತ್ತರಿ ಗುರುತಿನ ಪಕ್ಕದಲ್ಲಿ ಗುಮಾಸ್ತನೇ ಅವಳ ಹೆಸರು ಬರೆದಿದ್ದ: ಆನಿ. ಅದರ ಮುಂದೆ ಇನ್ನೊಂದು ಸಾಲು: 'ಗುರುತು ಹಾಕುವ ಮೊದಲು ಈಕೆಗೆ ಎಲ್ಲವನ್ನೂ ಗಟ್ಟಿಯಾಗಿ ಓದಿ ಹೇಳಲಾಗಿದೆ.'